ಕಡಲಕುದುರೆಗೆ ಹದವಾದ ನೀರು

"ಅಕ್ಕಾ, ಭಾವನಿಗೆ ತಲೆಗಿಲೆ ಕೆಟ್ಟಿದೆಯೇನೇ?" ಎದುರುಮನೆಯ ಬಾಲ್ಕನಿಯಿಂದ ಕಾರ್ಮೇಲಾ ಕೂಗಿದಳು.

ಇಬ್ಬರು ಆಳುಗಳು ಎದೆಯೆತ್ತರದ ಗಾಜಿನ ತೊಟ್ಟಿಯನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅದ್ದೊಲೊರಾತಾ ಅವರಿಗೆ ಬಾಗಿಲು ತೆರೆದು ಹಿಡಿದಳು. ಅವಳಿಗೂ ಅದೇ ಅನುಮಾನ.

ಮಗ ವೀತೋನ ಬೈಕು ಗೋಡೆಗೆ ಬಡಿದು ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಗಂಡ ಎಜಿದಿಯೋ ಅಂದಿನಿಂದ ದೋಣಿ ಹತ್ತಿರಲಿಲ್ಲ. ನಲವತ್ತು ವರ್ಷದ ಚಿಪ್ಪುಮೀನಿನ ಕೃಷಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ. ಊಟಕ್ಕೆ ಬರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ, ಏಳುತ್ತಿದ್ದ. ಹಿಂದೆಲ್ಲ ಉಪ್ಪು ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೂ ಅವನ ಅಬ್ಬರ ತಾರಂತೋ ಊರಿನ ಮೀನುಪೇಟೆಯವರೆಗೆ ಕೇಳುತ್ತಿತ್ತು. ಈಗ ಅವಳು ಎದುರು ಕೂತು ಅದೇ ಅಡುಗೆಯನ್ನು ತಿನ್ನುತ್ತಿದ್ದಳು, ಅವನ ಬಾಯಿಯನ್ನೇ ನೋಡುತ್ತಾ. ಇಬ್ಬರೂ ಅತ್ತಿರಲಿಲ್ಲ. ಅವಳಿಗಿದ್ದುದು ಒಂದೇ ಭಯ: ಮಗನ ಹಿಂದೆ ಈ ಮನುಷ್ಯನೂ ಹೋಗಿಬಿಟ್ಟಿದ್ದಾನೆ, ಬರಿಯ ಮೈ ಉಳಿದಿದೆ.

"ಕಡಲಕುದುರೆ ಯಾಕ್ರೀ ಈಗ?"

"ಸಾಕೋಕೆ."

"ಕಿಟಕಿ ತೆಗೆದ್ರೆ ಕಡಲೇ ಇದೆಯಲ್ಲ."

"ಅಲ್ಲಿಂದ ಹಿಡಿಯೋ ಹಾಗಿಲ್ಲ. ಬಾರಿ ಪಟ್ಟಣದಲ್ಲಿ ಒಬ್ಬ ಮರಿ ಮಾಡಿಸ್ತಾನೆ. ಜೋಡಿ ಕೊಡ್ತಾನಂತೆ."

ಕೆಲಸ ಮಾತ್ರ ಅಚ್ಚುಕಟ್ಟು. ಕುದುರೆಮೊಗದ ಈ ಪುಟ್ಟ ಮೀನುಗಳು ನಿಂತೇ ಈಜುವುದರಿಂದ ತೊಟ್ಟಿ ಎತ್ತರದ್ದು. ಈಜಿನಲ್ಲಿ ಅವು ದುರ್ಬಲ, ಹಾಗಾಗಿ ಪಂಪನ್ನು ತೀರ ಸಣ್ಣಗೆ ತಿರುಗಿಸಿದ. ಬಾಲ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಪಾಚಿ ನೆಟ್ಟ. ನೀರು ತಂಪಾಗಿಡಲು ಯಂತ್ರ ಕೂರಿಸಿದ. ಕೊನೆಗೆ ನೀರಿಗೆ ಉಪ್ಪು ಬೆರೆಸಿ, ಒಂದು ಚಮಚ ಎತ್ತಿ ಹೆಂಡತಿಯ ಮುಂದೆ ಹಿಡಿದ.

"ರುಚಿ ನೋಡು."

"ಮೀನಿನ ನೀರಿಗೆ ನನ್ನ ನಾಲಿಗೆ ಯಾಕೆ? ಉಪ್ಪು ಅಳೆಯೋ ಕೊಳವೆ ತಂದಿದ್ದೀರಲ್ಲ."

"ನೀನು ಚಿಪ್ಪುಮೀನಿನವರ ಮಗಳು. ನೋಡೇ."

ನೋಡಿದಳು. "ಸಪ್ಪೆ."

ಅವಳು ಅಡುಗೆಮನೆಗೆ ಹೋದ ಮೇಲೆ ಅವನು ಕೊಳವೆ ಇಳಿಬಿಟ್ಟ. ನೀರು ಸಪ್ಪೆಯೇ ಇತ್ತು.

ಕುದುರೆ ಬಿಡುವ ಮೊದಲು ನೀರು ಹದಕ್ಕೆ ಬರಲು ಒಂದು ತಿಂಗಳು ಬೇಕು. ಆ ತಿಂಗಳೆಲ್ಲ ಬೆಳಿಗ್ಗೆ ಎದ್ದರೆ ಅದೇ ಚಮಚ. ಒಂದು ದಿನ "ಕಡಲಿಗಿಂತ ಜಾಸ್ತಿ" ಎಂದಳು, ಇನ್ನೊಂದು ದಿನ "ಸರಿಯಿದೆ." ಕೊಳವೆ ಒಮ್ಮೆಯೂ ಅವಳ ಮಾತು ಮೀರಲಿಲ್ಲ. ಮೂವತ್ತನೆಯ ದಿನ ಅವಳಿಗೆ ರೇಗಿತು.

"ಯಾರ್ರೀ ಇದಕ್ಕೆ ಸಿಹಿನೀರು ಸುರಿದಿದ್ದು? ನಿನ್ನೆ ಚೆನ್ನಾಗಿತ್ತಲ್ಲ!"

ಎಜಿದಿಯೋ ಚಮಚವನ್ನು ಒರೆಸಿ ಎತ್ತಿಟ್ಟ. ಕುದುರೆ ತರಿಸಲು ಬಾರಿ ಪಟ್ಟಣಕ್ಕೆ ಫೋನು ಮಾಡಲೇ ಇಲ್ಲ.

ಮಧ್ಯಾಹ್ನ ಕಡಲೆಕಾಳಿನ ಪಾಸ್ತಾ. ಅವನು ಒಂದು ತುತ್ತು ತಿಂದ. ತಟ್ಟೆಯನ್ನು ತಳ್ಳಿದ ರಭಸಕ್ಕೆ ಅದು ನೆಲಕ್ಕೆ ಬಿತ್ತು.

"ಉಪ್ಪೆಲ್ಲೇ ಇದಕ್ಕೆ?"

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅದ್ದೊಲೊರಾತಾ ಕುರ್ಚಿಯಿಂದ ಎದ್ದಳು. "ಏನಂದ್ರಿ?"

"ಎಂಟು ತಿಂಗಳಿಂದ ಸಪ್ಪೆ ಕೂಳು ತಿಂತಿದ್ದೀನಿ! ದುಃಖಕ್ಕೆ ನಿನ್ನ ನಾಲಿಗೆ ಸತ್ತೋಗಿದೆ, ಹೇಳಿದ್ರೆ ನೊಂದ್ಕೋತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಆ ತೊಟ್ಟಿ ತಂದಿದ್ದು ಕುದುರೆಗಲ್ಲ ಕಣೇ, ನಿನ್ನ ನಾಲಿಗೆ ಪರೀಕ್ಷೆ ಮಾಡೋಕೆ! ಅದು ಗಟ್ಟಿಮುಟ್ಟಾಗೇ ಇದೆಯಲ್ಲ! ಮತ್ತೆ ಉಪ್ಪು ಹಾಕೋಕೆ ಏನು ಬಂದಿತ್ತು ನಿಂಗೆ?"

ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಅತ್ತಳು.

"ಬೇಕಂತಲೇ ಹಾಕ್ತಿರ್ಲಿಲ್ಲ ರೀ," ಎಂದಳು. "ನೀವು ಒಂದೇ ಒಂದು ಸಲ ಬೈಲಿ ಅಂತ."