ಒಣ ಮಣ್ಣು

ಮೆತೂಷೆಲಹನಿಗೆ ಒಂಬೈನೂರ ಅರವತ್ತೊಂಬತ್ತು ವರ್ಷ. ಐದು ವರ್ಷದ ಹಿಂದೆ ತನ್ನ ಮಗನನ್ನೇ ಮಣ್ಣು ಮಾಡಿದ ಮೇಲೆ ಅವನಿಗೆ ಬದುಕು ಬೇಡವಾಗಿತ್ತು. ಈಗ ಹತ್ತು ದಿನದಿಂದ ಊಟ ಬಿಟ್ಟು ಮಲಗಿದ್ದ.

ಪಕ್ಕದ ಮನೆಯ ಬಾಣಂತಿ ಮಾತ್ರ ಸೋಲಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ದಿನವೂ ಗಂಜಿ ತರುತ್ತಿದ್ದಳು.

"ಒಂದು ಗುಟುಕು, ತಾತ. ನನ್ನ ಮಗಳೂ ಇಷ್ಟು ಹಟ ಮಾಡೋದಿಲ್ಲ."

"ಅವಳಿಗೆ ಮೂರು ತಿಂಗಳು ಕಣಮ್ಮ. ನನಗೆ ಸಾಕಾಗಿದೆ."

ಆ ದಿನ ಅವಳು ಹೋದ ಮೇಲೆ ಮೊಮ್ಮಗ ನೋಹ ಬಂದ. ಕೈತುಂಬ ರಾಳ ಮೆತ್ತಿತ್ತು.

"ದೋಣಿ ಮುಗಿಯಿತು, ತಾತ."

"ಊರು ಮುಳುಗಿಸುವ ಮಳೆ ಎಲ್ಲಿ? ಜನ ನಗುತ್ತಿದ್ದಾರೆ. ನಿನ್ನ ದೇವರು ಯಾತಕ್ಕೆ ಕಾಯುತ್ತಿದ್ದಾನಂತೆ?"

ನೋಹ ಬಾಗಿಲ ಕಡೆ ನೋಡುತ್ತ ನಿಂತ.

"ನಿಮ್ಮನ್ನು ಒಣ ಮಣ್ಣಿನಲ್ಲಿ ಹೂಳುವವರೆಗೆ ಒಂದು ಹನಿಯನ್ನೂ ಕಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ."

ಮುದುಕ ಪಕ್ಕದ ಮನೆಯ ಕಡೆ ಮುಖ ತಿರುಗಿಸಿದ.

"ದೋಣಿಯಲ್ಲಿ ಆ ಬಾಣಂತಿಗೆ ಜಾಗ?"

"ಎಂಟೇ ಜನ, ತಾತ. ನಾನೂ ಕೇಳಿ ನೋಡಿದೆ."

ಮುದುಕ ಅಂಗೈ ಊರಿ ಏಳಲು ನೋಡಿದ. ಆಗಲಿಲ್ಲ.

"ಅವಳನ್ನು ಕರಿ. ಗಂಜಿ ತರಲಿ. ಬೇಗ!"

ಅವಳು ಓಡಿ ಬಂದಳು. ಅವನು ತಾನಾಗಿ ಬಾಯಿ ತೆರೆದದ್ದು ಕಂಡು ಹಿಗ್ಗಿಹೋದಳು. ಒಂದು ಚಮಚ ಬಾಯಿಗಿಟ್ಟಳು. ಗಂಜಿ ಗಂಟಲಿಗಿಳಿಯದೆ ಕಟವಾಯಿಯಿಂದ ಗಡ್ಡಕ್ಕೆ ಹರಿಯಿತು. ಇನ್ನೊಂದು ಇಟ್ಟಳು. ಅದೂ ಹಾಗೆಯೇ. ಮುದುಕನ ಕಣ್ಣು ಕೂಸಿನ ಮೇಲೆಯೇ ಇತ್ತು.

ಅವಳು ಸೆರಗಿನಿಂದ ಅವನ ಗಡ್ಡ ಒರೆಸಿ ನಕ್ಕಳು.

"ಇವತ್ತಿಗೆ ಸಾಕು ಬಿಡಿ, ತಾತ. ಅವಸರವೇನಿದೆ? ನಾಳೆ ತಿಂದರಾಯ್ತು."