ಸಾರಿಸಿದ ಗೋಡೆ

ಮಗಳು ಚಂದನಳ ಮೊಬೈಲಿನಲ್ಲಿದ್ದ ಫೋಟೊ ಅಳಿಸಲು ಸ್ವಾಮಿ ಹೆಬ್ಬೆರಳು ಚಾಚಿದ್ದೇ ತಡ, ಅವನ ತಾಯಿ ಮಂಗಳಮ್ಮ ಆ ಕೈ ಹಿಡಿದುಕೊಂಡರು. ಯಾರೋ ಅವಳ ಮುಖವನ್ನು ಬೇರೆ ಯಾರದೋ ಬೆತ್ತಲೆ ಮೈಗೆ ಅಂಟಿಸಿ ಅವಳಿಗೇ ಕಳಿಸಿದ್ದರು.

"ಬುಡವ್ವ, ಅಳಿಸಾಕಿದ್ರೆ ಮುಗೀತು. ಇವತ್ತಿಂದ ಇವಳು ಇಸ್ಕೂಲಿಗೆ ಓಗೋದೂ ಬ್ಯಾಡ."

"ಅಳಿಸ್ಬ್ಯಾಡ ಕಣಪ್ಪ," ಚಂದನ ಬಿಕ್ಕುತ್ತಲೇ ಹೇಳಿದಳು. "ಅದೇ ಸಾಕ್ಷಿ, ಅಂಗೇ ಪೊಲೀಸ್ರಿಗೆ ತೋರ್ಸಿ ಅಂತ ಮಿಸ್ಸು ಏಳ್ಕೊಟ್ಟವ್ರೆ."

ಮಂಗಳಮ್ಮನ ಕಣ್ಣಿಗೆ ಪೂರಿಗಾಲಿಯ ತವರುಮನೆ ಕಟ್ಟಿತು. ಬಗಲಲ್ಲಿ ಸ್ಲೇಟು, ಬಾಯಲ್ಲಿ ಮಗ್ಗಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಗೆಳತಿಯರ ಸಾಲು. ಎಷ್ಟು ಚೆಂದದ ದಿನಗಳು. ಒಂದು ಬೆಳಗ್ಗೆ ಮನೆಯ ಬೀದಿಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಮಂಗಳಮ್ಮನ ಹೆಸರು ಗೀಚಿ, ಪಕ್ಕದಲ್ಲೇ ಆಡಬಾರದ ಮಾತು ಬರೆದಿದ್ದರು. ಊರು ಏಳುವ ಮೊದಲೇ ಅವ್ವ ಸಗಣಿ ಕಲಸಿ ಗೋಡೆ ಸಾರಿಸಿದ್ದಳು. ಆ ಹಸಿ ವಾಸನೆ ಈಗಲೂ ಮೂಗಿಗೆ ಬಡಿದಂತಾಯಿತು.

"ನಮ್ಮವ್ವನೂ ಇಂಗೇ ಚೊಕ್ಕ ಮಾಡಿದ್ಲು ಕಣ್ಲಾ ಸ್ವಾಮಿ. ಬರೆದೋನು ಯಾರು ಅಂತ ಒಬ್ರೂ ಕೇಳ್ನಿಲ್ಲ. ಅವನ್ಯಾವನೋ ನೆಮ್ಮದಿಯಾಗಿ ಓಡಾಡ್ಕಂಡಿದ್ದ. ಇಸ್ಕೂಲು ಬುಟ್ಟು ಮನೇಲಿ ಕುಂತೋಳು ನಾನು."

ಸ್ವಾಮಿಯ ಕೈ ಸಡಿಲವಾಯಿತು. ಮಂಗಳಮ್ಮ ಮೊಬೈಲನ್ನು ಅಂಚಿನಲ್ಲಷ್ಟೇ ಹಿಡಿದು ತೆಗೆದುಕೊಂಡರು. ಬರೆದ ಲೆಕ್ಕ ಅಳಿಸದಿರಲೆಂದು ಅಂದು ಸ್ಲೇಟನ್ನೂ ಹೀಗೇ ಹಿಡಿಯುತ್ತಿದ್ದರು.

"ಮಳವಳ್ಳಿ ಟೇಸನ್ನಿಗೆ ನಾನೂ ಬತ್ತೀನಿ, ನಡಿ ಮಗ," ಎಂದರು ಮೊಮ್ಮಗಳಿಗೆ. "ಯೂನಿಫಾರಮ್ಮು ಆಕ್ಕೊ. ಅಲ್ಲಿಂದ ಅಂಗೇ ಇಸ್ಕೂಲಿಗೆ ಓಗೀವಂತೆ."