ಕಿಟಕಿ ತೆಗೆಯುವ ಮುಂಚೆ

ಕರೆಂಟ್ ಹೋಗಿ ಫ್ಯಾನು ನಿಂತಿತು. ಹುಲ್ಲಹಳ್ಳಿಯ ಬ್ಯಾಂಕ್ ಮ್ಯಾನೇಜರ್ ನಟರಾಜ್ ಕೈಯಲ್ಲಿದ್ದ ಸೀಲನ್ನು ಮೇಜಿನ ಮೇಲಿಟ್ಟು ಎದ್ದರು. ಎದುರಿಗಿದ್ದದ್ದು ಜರ್ಮನಿಯಿಂದ ಬಂದ ಪಿಂಚಣಿ ಕಾಗದ. ಮೇಜಿನ ಆಚೆ ಕೂತಿರುವ ಯಶೋಧರಮ್ಮ ಬದುಕಿದ್ದಾರೆ ಎಂದು ಸೀಲು ಒತ್ತಿ ಕಳಿಸದಿದ್ದರೆ ಅಲ್ಲಿಯವರು ಪಿಂಚಣಿ ನಿಲ್ಲಿಸಿಬಿಡುತ್ತಾರೆ.

"ಏನ್ ಸೆಕೆ ಅಮ್ಮಾ! ಕಿಟಕಿ ತೆಗೀತೀನಿ ತಡೀರಿ."

ಚಿಲಕದ ಸದ್ದಿಗೇ ಯಶೋಧರಮ್ಮನ ಕಣ್ಣು ಮಂಜಾಯಿತು. ಜರ್ಮನಿಯ ವೃದ್ಧಾಶ್ರಮದಲ್ಲಿ ನರ್ಸಾಗಿದ್ದ ಇಪ್ಪತ್ತಾರು ವರ್ಷದಲ್ಲಿ ಅವರು ತೆಗೆದ ಕಿಟಕಿಗಳೆಷ್ಟೋ! ಯಾರಾದರೂ ಕೊನೆಯುಸಿರು ಬಿಟ್ಟೊಡನೆ, ಜೀವ ಸಲೀಸಾಗಿ ಹೊರಟುಹೋಗಲಿ ಎಂದು ಕಿಟಕಿ ತೆಗೆಯುವುದು ಅಲ್ಲಿಯ ಪದ್ಧತಿ. ಹಿಮ ಒಳಗೆ ಬರುತ್ತಿತ್ತು, ಜೀವ ಬೂರುಗದ ಹತ್ತಿಯಂತೆ ಹೊರಗೆ ತೇಲುತ್ತಿತ್ತು. ಈಗ ತಾನೂ ಕುರ್ಚಿಯಿಂದ ಒಂದು ಗೇಣು ಮೇಲೆದ್ದಂತೆ, ನಾಲೆ ದಾಟಿ, ಭತ್ತದ ಗದ್ದೆಯ ಹಸಿರಿನ ಮೇಲೆ ಹಗುರಾಗಿ ಹೊರಟಂತೆ ಅನ್ನಿಸಿತು. ಎಷ್ಟು ಹಾಯಾಗಿತ್ತೆಂದರೆ, ಹಿಂತಿರುಗಿ ನೋಡುವ ಮನಸ್ಸೂ ಆಗಲಿಲ್ಲ.

ಕಿಟಕಿಯ ಬಾಗಿಲು ಕಿರ್ರೆಂದಿತು. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ತಡಿಯಪ್ಪಾ," ಎಂದರು. "ಮೊದ್ಲು ಸೀಲು ಒತ್ತು. ಕಿಟಕಿ ಆಮೇಲೆ ತೆಗೆದ್ರಾಯ್ತು."